ಪಾರ್ಕಿಗೆ ಫೈಬರ್ ಜಿಂಕೆ ಬೇಡ, ಚೌಕಾಬಾರದ ಕಲ್ಲು ಹಾಕಿಸಿ

ಕಳೆದ ಮೂರು ತಿಂಗಳಲ್ಲಿ ಬಂದ ಪ್ರಶ್ನೆಗಳನ್ನೆಲ್ಲ ಮೊನ್ನೆ ಒಟ್ಟಿಗೆ ಕೂತು ಓದಿದೆ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅದದೇ. ಪಾರ್ಕಿನಲ್ಲಿ ಏನು ಪ್ರತಿಮೆ ಇಡೋಣ, ಗೋಡೆ ಮೇಲೆ ಏನು ಬರೆಸೋಣ, ಎಷ್ಟಾಗುತ್ತೆ. ಇಟ್ಟು ಐದು ವರ್ಷ ಆದಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಒಬ್ಬರೂ ಕೇಳಿಲ್ಲ. ಕಲ್ಲು, ಕಬ್ಬಿಣ, ಸಿಮೆಂಟಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನಿಗೆ ಇದು ನಿಜವಾಗಿ ಬೇಜಾರು ತರಿಸುತ್ತದೆ. ಪಾಲಿಕೆಯ ಅನುಮತಿ ಬೇಕು, ಮೂರು ಕೊಟೇಶನ್ ತರಿಸಬೇಕು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸಂಘ ನಡೆಸುವವರಿಗೆ ಅದು ಗೊತ್ತಿರಲೇಬೇಕು.

ಮೈಸೂರಿನ ಬಡಾವಣೆಯೊಂದರ ನಿವಾಸಿಗಳ ಸಂಘದ ಕಾರ್ಯದರ್ಶಿ: ನಮ್ಮ ಪಾರ್ಕು ಸುಮಾರು ಒಂದು ಎಕರೆ. ದಾನಿಗಳಿಂದ 8 ಲಕ್ಷ ಸೇರಿದೆ. ಕಂಟ್ರಾಕ್ಟರ್ ಒಬ್ಬರು ಕ್ಯಾಟಲಾಗ್ ತಂದು ತೋರಿಸಿದರು. ಫೈಬರಿನ ಜಿಂಕೆ, ಕೊಕ್ಕರೆ, ಅಣಬೆ ಆಕಾರದ ಸೀಟು, ಬುತ್ತಿ ಹೊತ್ತ ರೈತ ದಂಪತಿ. ಮಕ್ಕಳಿಗೆ ಇಷ್ಟ ಆಗುತ್ತೆ ಅಂತ ಎಲ್ಲರೂ ಒಪ್ಪಿದ್ದಾರೆ. ಯಾವುದನ್ನು ತೆಗೆದುಕೊಳ್ಳಲಿ ಸರ್?

ಯಾವುದೂ ಬೇಡ. ಕ್ಯಾಟಲಾಗ್ ವಾಪಸ್ ಕೊಟ್ಟುಬಿಡಿ.

ಫೈಬರ್ ಅಂದರೆ ಗಾಜಿನ ಎಳೆಗೆ ರೆಸಿನ್ ಹಚ್ಚಿ ಅಚ್ಚಿನಲ್ಲಿ ಕೂರಿಸಿದ್ದು. ಮೇಲೆ ತೆಳುವಾದ ಒಂದು ಪದರ, ಅದಕ್ಕೆ ಬಣ್ಣ. ನೆರಳಿನಲ್ಲಿ, ಯಾರ ಕೈಗೂ ಸಿಗದ ಕಡೆ ಇಟ್ಟರೆ ಬಾಳುತ್ತದೆ. ಪಾರ್ಕಿನಲ್ಲಿ ಅದು ಸಾಧ್ಯವೇ ಇಲ್ಲ. ಬಿಸಿಲಿಗೆ ಮೇಲಿನ ಪದರ ಸುಣ್ಣದ ಹಾಗೆ ಪುಡಿ ಬಿಡುತ್ತದೆ. ಆಮೇಲೆ ಒಳಗಿನ ಗಾಜಿನ ಎಳೆ ಹೊರಗೆ ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ಒಂದು ಊರಿನ ಪಾರ್ಕಿನಲ್ಲಿ ಕಣ್ಣಾರೆ ನೋಡಿದ್ದು. ಜಿಂಕೆಯ ಒಂದು ಕಿವಿ ಮುರಿದಿತ್ತು. ಮುರಿದ ಜಾಗದಲ್ಲಿ ತೆಂಗಿನ ನಾರಿನ ಹಾಗೆ ಬಿಳಿ ಎಳೆ ಎದ್ದಿತ್ತು. ಐದಾರು ವರ್ಷದ ಹುಡುಗಿ ಬೆನ್ನೇರಿ ಕೂತು, ಆ ಮೋಟು ಕಿವಿಯನ್ನೇ ಹಿಡಿದುಕೊಂಡಿದ್ದಳು. ಇಳಿದ ಮೇಲೆ ಅಂಗೈಯನ್ನು ಲಂಗಕ್ಕೆ ಉಜ್ಜುತ್ತಾ ನಿಂತಳು, ಉಜ್ಜಿದಷ್ಟೂ ಉರಿ ಜಾಸ್ತಿಯಾಗಿ ಅಳು ಬಂತು. ಅವಳ ಅಜ್ಜಿ ಇರುವೆ ಕಚ್ಚಿರಬೇಕು ಅಂತ ಬಾಯಿಂದ ಊದುತ್ತಿದ್ದರು. ಕೈಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಹೊಳಪು. ಎದುರಿನ ಅಂಗಡಿಯಿಂದ ಟೇಪ್ ತಂದು, ಅಂಟಿಸಿ ಕಿತ್ತು, ಅಷ್ಟಿಷ್ಟು ತೆಗೆದೆವು. ಜಿಂಕೆ ಹಾಕಿ ನಾಲ್ಕು ವರ್ಷ ಆಯ್ತು ಅಂದರು ಅಲ್ಲಿಯ ಮಾಲಿ.

ನನ್ನ ಕೈಯಿಂದಲೂ ತಪ್ಪಾಗಿದೆ. ಹೊಸದರಲ್ಲಿ ಒಂದು ಪಾರ್ಕಿಗೆ ಸಿಮೆಂಟಿನ ಹಸು ಮಾಡಿಕೊಟ್ಟಿದ್ದೆ. ಒಳಗೆ ಕಬ್ಬಿಣದ ಕಡ್ಡಿ, ಅದಕ್ಕೆ ಮೆಶ್, ಮೇಲೆ ಗಾರೆ. ಕಾಲಿನ ಹತ್ತಿರ ಗಾರೆ ತೆಳುವಾಯಿತು, ಪೀಠಕ್ಕೆ ಇಳಿಜಾರು ಕೊಡದೆ ನೀರು ನಿಲ್ಲುವ ಹಾಗೆ ಬಿಟ್ಟೆ. ತುಕ್ಕು ಹಿಡಿದ ಕಬ್ಬಿಣ ಊದುತ್ತದೆ, ಸಿಮೆಂಟನ್ನು ಒಳಗಿನಿಂದಲೇ ಸೀಳುತ್ತದೆ. ಮೂರು ಮಳೆಗಾಲಕ್ಕೆ ಕಾಲು ಬಿರುಕು ಬಿಟ್ಟು ತಂತಿ ಹೊರಗೆ ಬಂತು, ಒಬ್ಬ ಹುಡುಗನ ಮೊಣಕಾಲು ಕೊಯ್ದು ಹೊಲಿಗೆ ಹಾಕಿಸಬೇಕಾಯಿತು. ಅವತ್ತಿನಿಂದ ಮಕ್ಕಳು ಹತ್ತುವ ಯಾವ ವಸ್ತುವಿಗೂ ನಾನು ಸುಲಭವಾಗಿ ಹೂಂ ಅನ್ನುವುದಿಲ್ಲ. ನಿಮಗೆ ಇದು ಅತಿ ಅನ್ನಿಸಿದರೂ ಪರವಾಗಿಲ್ಲ.

ಹಾಗಂತ ಸಿಮೆಂಟೇ ಕೆಟ್ಟದ್ದಲ್ಲ. ಶಿಗ್ಗಾವಿ ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ ಬನ್ನಿ. ಟಿ.ಬಿ. ಸೊಲಬಕ್ಕನವರ ಎಂಬ ಕಲಾವಿದರು ಅಲ್ಲಿ ಉತ್ತರ ಕರ್ನಾಟಕದ ಇಡೀ ಹಳ್ಳಿ ಬದುಕನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ. ಆದರೆ ಅಲ್ಲಿ ಟಿಕೆಟ್ ಇದೆ, ನೋಡಿಕೊಳ್ಳುವವರಿದ್ದಾರೆ. ನಿಮ್ಮ ಪಾರ್ಕಿನಲ್ಲಿ ಇರುವುದು ಒಬ್ಬ ಮಾಲಿ, ಅವರಿಗೆ ಇನ್ನೂ ಎರಡು ಪಾರ್ಕು ಇರುತ್ತವೆ.

ಸರಿ, ಏನು ಮಾಡಬೇಕು? ಮೊದಲು ಒಂದು ವಾರ ಸುಮ್ನೆ ಪಾರ್ಕಿನಲ್ಲಿ ಕೂತು ನೋಡಿ. ಬೆಳಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಹಿರಿಯರು ಯಾವ ಮರದ ಕೆಳಗೆ ಸೇರುತ್ತಾರೆ, ಹೆಂಗಸರು ಎಲ್ಲಿ ಕೂತು ಮಾತಾಡುತ್ತಾರೆ, ಡೆಲಿವರಿ ಹುಡುಗರು ಎಲ್ಲಿ ಊಟದ ಡಬ್ಬಿ ಬಿಚ್ಚುತ್ತಾರೆ. ಹುಲ್ಲಿನ ನಡುವೆ ಜನ ಓಡಾಡಿ ತಾನಾಗಿ ಒಂದು ಕಾಲುದಾರಿ ಬಿದ್ದಿರುತ್ತದೆ, ಆ ದಾರಿಗೆ ಅಡ್ಡ ಏನನ್ನೂ ಇಡಬೇಡಿ. ನ್ಯೂಯಾರ್ಕಿನಲ್ಲಿ 1981ರಲ್ಲಿ ರಿಚರ್ಡ್ ಸೆರಾ ಎಂಬ ದೊಡ್ಡ ಶಿಲ್ಪಿ ಸರ್ಕಾರಿ ಕಚೇರಿಯ ಮುಂದಿನ ಅಂಗಳದಲ್ಲಿ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ ನಿಲ್ಲಿಸಿದರು. ದಿನಾ ಅಂಗಳ ದಾಟುತ್ತಿದ್ದವರು ಸುತ್ತು ಹಾಕಿ ಹೋಗಬೇಕಾಯಿತು. ಜಗಳ ಎದ್ದು, ಕೋರ್ಟಿಗೂ ಹೋಗಿ, ಕೊನೆಗೆ 1989ರಲ್ಲಿ ಅದನ್ನು ಕತ್ತರಿಸಿ ಸಾಗಿಸಿದರು. ಅಂಥವರ ಕೆಲಸವನ್ನೇ ಜನ ಸಹಿಸಲಿಲ್ಲ. ನಿಮ್ಮ ವಾಕಿಂಗ್ ದಾರಿಗೆ ಅಡ್ಡ ಬಂದ ಕೊಕ್ಕರೆಯನ್ನು ಸಹಿಸುತ್ತಾರಾ?

ಮೈಸೂರಿನವರು ನೀವು. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆ ಆಟಗಳಿಗೆ ಎಷ್ಟು ಮನಸ್ಸು ಕೊಟ್ಟಿದ್ದರು, ತಾವೇ ಎಷ್ಟು ಹೊಸ ಆಟ ಕಟ್ಟಿದ್ದರು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಇನ್ನು ಹಂಪಿಗೆ ಹೋದಾಗ ಗೋಪುರ ಮಾತ್ರ ನೋಡದೆ ಒಂದು ಸಲ ಕಾಲ ಕೆಳಗೂ ನೋಡಿ. ಮಂಟಪದ ನೆಲದಲ್ಲಿ, ಬಂಡೆಯ ಮೇಲೆ ಹುಲಿ-ಕುರಿ ಆಟದ ಗೆರೆ ಕಾಣುತ್ತದೆ. ಯಾರೋ ಕೂತು ಕೆತ್ತಿ, ಆಡಿ, ಎದ್ದು ಹೋಗಿದ್ದಾರೆ. ಸಾರ್ವಜನಿಕ ಜಾಗದ ಕಲೆ ಅಂದರೆ ನನ್ನ ಮಟ್ಟಿಗೆ ಅದು. ಅಲ್ಲಿ ಯಾರೂ ಮುಟ್ಟಬೇಡಿ ಅಂತ ಬೋರ್ಡ್ ಹಾಕಿರಲಿಲ್ಲ, ಮುಟ್ಟಿ ಮುಟ್ಟಿಯೇ ಆ ಗೆರೆ ನುಣುಪಾಗಿದೆ.

ಆದ್ದರಿಂದ ಕಲ್ಲಿನ ಕಟ್ಟೆ ಹಾಕಿಸಿ. 6 ಅಡಿ ಉದ್ದ, 2 ಅಡಿ ಅಗಲ, 6 ಇಂಚು ದಪ್ಪದ ಗ್ರಾನೈಟ್ ಚಪ್ಪಡಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ. ಒಂದು ಚಪ್ಪಡಿ ಸುಮಾರು 450 ಕೆ.ಜಿ. ತೂಗುತ್ತದೆ. ಕದಿಯುವುದೂ ಕಷ್ಟ, ಮುರಿಯುವುದೂ ಕಷ್ಟ. ನಡುವೆ ಐದು ಮನೆ ಉದ್ದ, ಐದು ಮನೆ ಅಗಲದ ಚೌಕಾಬಾರ ಕೆತ್ತಿಸಿ, ಆಚೆ ಈಚೆ ಇಬ್ಬರು ಕೂರಲಿ. ಗೆರೆಯ ತಳ ಗುಂಡಗಿರಲಿ, ಚೂಪಾಗಿ ಕೊರೆದರೆ ಕೊಳೆ ಕೂತು ಪಾಚಿ ಕಟ್ಟುತ್ತದೆ. ಅಳಗುಳಿಮಣೆ ಕೆತ್ತಿಸೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ, ಗುಳಿಯಲ್ಲಿ ಮಳೆ ನೀರು ನಿಂತು ಸೊಳ್ಳೆ ಆಗುತ್ತದೆ. ಕನ್ನಡಿ ಪಾಲಿಶ್ ಕೂಡ ಬೇಡ. ಒದ್ದೆಯಾದರೆ ಜಾರುತ್ತದೆ. ಉಳಿ ಏಟು ಕಾಣುವ ಹಾಗೆ, ಆದರೆ ಸೀರೆ ಪಂಚೆಗೆ ಸಿಕ್ಕದ ಹಾಗೆ ಮೇಲ್ಮೈ ಇರಲಿ. ಅಂಚುಗಳನ್ನೆಲ್ಲ ಉರುಟು ಮಾಡಿಸಿ. ಮರದ ನೆರಳಿನಲ್ಲೇ ಕೂರಿಸಿ, ಇಲ್ಲದಿದ್ದರೆ ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಯಾರೂ ಕೂರಲಾರರು.

ಪಕ್ಕದ ಕಲ್ಲುಗಳಲ್ಲಿ ಶಿಲ್ಪಿಯ ಕೈಗೆ ಸ್ವಾತಂತ್ರ್ಯ ಕೊಡಿ. ನಿಮ್ಮ ಪಾರ್ಕಿನಲ್ಲಿ ಯಾವ ಮರ ಇದೆ, ಯಾವ ಹಕ್ಕಿ ಬರುತ್ತದೆ, ಬಡಾವಣೆ ಆಗುವ ಮುಂಚೆ ಅಲ್ಲಿ ಯಾವ ಕೆರೆ, ಯಾವ ಹೊಲ ಇತ್ತು ಅಂತ ಅವರಿಗೆ ಹೇಳಿ, ಮಿಕ್ಕದ್ದು ಅವರ ಕೆಲಸ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆತಲಾಂತರದಿಂದ ಕಲ್ಲು ಕೆತ್ತುವವರಿದ್ದಾರೆ. ನಿಮ್ಮ ಊರಲ್ಲೇ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಶಿಲ್ಪಕಲೆ ಓದಿದವರಿದ್ದಾರೆ. ಇವರನ್ನು ಬಿಟ್ಟು ಕ್ಯಾಟಲಾಗ್ ಹಿಡಿದು ಬಂದವರ ಹಿಂದೆ ಯಾಕೆ ಹೋಗುತ್ತೀರಿ ಅನ್ನುವುದೇ ನನಗೆ ಅರ್ಥ ಆಗದ ವಿಷಯ.

ಮಕ್ಕಳಿಗೆ ಬೇಕೇ ಬೇಕು ಅಂದರೆ ಮಲಗಿದ ಎಮ್ಮೆಯೊಂದನ್ನು ಕಲ್ಲಿನಲ್ಲಿ ಮಾಡಿಸಿ. ಎರಡು ಅಡಿಗಿಂತ ಎತ್ತರ ಬೇಡ, ಕೊಂಬು ಮೈಗೆ ಅಂಟಿಕೊಂಡಿರಲಿ. ಮಕ್ಕಳು ಹತ್ತುವ ವಸ್ತುವಿನಲ್ಲಿ 9ರಿಂದ 23 ಸೆಂ.ಮೀ. ಅಗಲದ ಸಂದು ಇರಲೇಬಾರದು. ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಇದನ್ನು ಎಸ್ಟಿಮೇಟಿನಲ್ಲೇ ಬರೆಸಿ.

ದುಡ್ಡಿನ ಮಾತು. 8 ಲಕ್ಷವನ್ನೂ ಖರ್ಚು ಮಾಡಬೇಡಿ. 1.2 ಲಕ್ಷ ತೆಗೆದು ಸಂಘದ ಹೆಸರಲ್ಲಿ ಎಫ್‌ಡಿ ಇಡಿ. ವರ್ಷಕ್ಕೊಮ್ಮೆ ತೊಳೆಸಲು, ಅಲುಗಾಡಿದ ಕಲ್ಲನ್ನು ಮತ್ತೆ ಕೂರಿಸಲು ಅದರ ಬಡ್ಡಿ ಬೇಕು. ದಾನಿಗಳ ಹೆಸರಿನ ದೊಡ್ಡ ಫಲಕ ಬೇಡ, ಶಿಲ್ಪಿಯ ಹೆಸರು ಮತ್ತು ವರ್ಷ ಕಲ್ಲಿನ ಬದಿಯಲ್ಲಿ ಸಣ್ಣದಾಗಿ ಇರಲಿ. ಹುಬ್ಬಳ್ಳಿ, ರಾಯಚೂರು ಕಡೆಯವರು ಇದನ್ನು ಓದುತ್ತಿದ್ದರೆ ಪಾಯದ ಬಗ್ಗೆ ಎಂಜಿನಿಯರ್ ಹತ್ತಿರ ಕೇಳಿಯೇ ಮುಂದುವರಿಯಿರಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿಟ್ಟ ಕಲ್ಲು ಎರಡೇ ವರ್ಷದಲ್ಲಿ ವಾಲಿಬಿಡಬಹುದು.

ವಾಸ್ತು ಪ್ರಕಾರ ಶಿಲ್ಪದ ಮುಖ ಯಾವ ದಿಕ್ಕಿಗಿರಬೇಕು?

ಜನ ಬರುವ ದಿಕ್ಕಿಗೆ.

ಕಾಂಪೌಂಡ್ ಗೋಡೆಗೆ ದೇವರ ಚಿತ್ರ ಬರೆಸಿದರೆ ಮೂತ್ರ ಮಾಡುವುದು ನಿಲ್ಲುತ್ತದಾ?

ಇಲ್ಲ. ಶೌಚಾಲಯ ಕಟ್ಟಿಸಿ. ಆ ಗೋಡೆಯ ಮುಂದೆ ನಿಂತು ಒಬ್ಬ ಪೇಂಟರ್ ದಿನವಿಡೀ ಆ ವಾಸನೆಯಲ್ಲಿ ದೇವರ ಮುಖ ಬರೆಯಬೇಕು, ಅದನ್ನೊಂದು ಸಲ ಯೋಚನೆ ಮಾಡಿ.

ಮಂಗಳೂರಿನಿಂದ: ಗೋಡೆ ಚಿತ್ರದ ಮೇಲೆ ಒಂದು ನ್ಯಾನೋ ಕೋಟಿಂಗ್ ಹೊಡೆದರೆ 20 ವರ್ಷ ಏನೂ ಆಗಲ್ಲ ಅಂತ ಒಬ್ಬರು ಬಂದಿದ್ದಾರೆ. ನಂಬಬಹುದಾ?

ನಂಬಬೇಡಿ. 20 ವರ್ಷದ ಗ್ಯಾರಂಟಿಯನ್ನು ಕಾಗದದಲ್ಲಿ ಬರೆದುಕೊಡಿ ಅಂತ ಕೇಳಿ, ಮತ್ತೆ ಆ ಕಡೆ ಬರುವುದಿಲ್ಲ. ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ ಬೀಳುವ ಊರು ನಿಮ್ಮದು. ಗೋಡೆ ಚಿತ್ರ ಹಾಳಾಗುವುದು ಮುಂದಿನಿಂದ ಅಲ್ಲ, ಹಿಂದಿನಿಂದ. ತಳದಿಂದ ತೇವ ಏರುತ್ತದೆ, ಗೋಡೆಯ ತಲೆಯಿಂದ ನೀರು ಇಳಿಯುತ್ತದೆ, ಒಳಗಿನ ಉಪ್ಪು ಹೊರಗೆ ಬಂದು ಬಣ್ಣವನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ. ಮೇಲೆ ಬಿಗಿಯಾದ ಕೋಟಿಂಗ್ ಇದ್ದರೆ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ, ಇನ್ನೂ ಬೇಗ ಏಳುತ್ತದೆ. ಮೊದಲು ಗೋಡೆಯ ತಲೆಗೆ ಹೊರಚಾಚಿದ ಕಲ್ಲು ಹಾಕಿಸಿ. ಹೊಸ ಪ್ಲಾಸ್ಟರ್ ಆದರೆ ಕಡಿಮೆ ಅಂದರೂ 28 ದಿನ ಬಿಡಿ. ಪ್ರೈಮರ್ ಆದಮೇಲೆ ಒಳ್ಳೆಯ ಎಕ್ಸ್‌ಟೀರಿಯರ್ ಬಣ್ಣ. ಇಷ್ಟು ಮಾಡಿದರೂ ಆರೇಳು ವರ್ಷಕ್ಕೆ ಮತ್ತೆ ಬರೆಸಬೇಕು, ಅದಕ್ಕೆ ಈಗಲೇ ದುಡ್ಡು ಎತ್ತಿಡಿ.

ಮರದ ಬೊಡ್ಡೆಗಳ ಮೇಲೆ ಹುಲಿ, ನವಿಲು ಬರೆಸಿದ್ದೇವೆ. ಗೆದ್ದಲಿಗೂ ಒಳ್ಳೆಯದಂತೆ.

ಯಾರು ಹೇಳಿದ್ದು? ಎನಾಮೆಲ್ ಪೇಂಟಿನಿಂದ ಮರಕ್ಕೆ ಒಳ್ಳೆಯದಾಗುವುದು ಒಂದೂ ಇಲ್ಲ. ತೊಗಟೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಮರ ಅದರಿಂದಲೂ ಉಸಿರಾಡುತ್ತದೆ. ಅದಕ್ಕೆ ಪೇಂಟ್ ಮೆತ್ತುವುದು, ಮೊಳೆ ಹೊಡೆದು ಲೈಟ್ ಸುತ್ತುವುದು ಎರಡೂ ತಪ್ಪು. ಸುಣ್ಣ, ಕೆಮ್ಮಣ್ಣಿನ ಪಟ್ಟಿ ಮಳೆಗೆ ತೊಳೆದು ಹೋಗುತ್ತದೆ, ಅದರ ಮಾತು ಬೇರೆ. ಬಿದ್ದ ಮರ ಇದ್ದರೆ ಕೆತ್ತಿಸಿ. ಲಾಲ್‌ಬಾಗಿನಲ್ಲಿ ಉರುಳಿದ ಮರಗಳ ಕಾಂಡಗಳಿಂದ ಶಿಲ್ಪ ಮಾಡಿಸಿದ್ದಾರೆ, ಹೋಗಿ ನೋಡಿ. ಬದುಕಿರುವ ಮರವನ್ನು ಅದರ ಪಾಡಿಗೆ ಬಿಡಿ.

ಪಾರ್ಕಿನ ಮುಂದಿನ ಸರ್ಕಲ್ಲಿನಲ್ಲಿ ನಮ್ಮ ನಾಯಕರ ಪುತ್ಥಳಿ ಇಡಬೇಕು. ದಾರಿ ಹೇಳಿ.

2013ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸರ್ಕಾರಗಳಿಗೆ ಹೇಳಿದೆ. ನನ್ನ ಹತ್ತಿರ ದಾರಿ ಇಲ್ಲ.

ಕಲಾ ಕಾಲೇಜಿನ ಮಕ್ಕಳ ಕೈಲಿ ಉಚಿತವಾಗಿ ಬರೆಸಬಹುದಾ? ಸರ್ಟಿಫಿಕೇಟ್ ಕೊಡುತ್ತೇವೆ.

ಪ್ಲಂಬರ್‌ಗೆ ಸರ್ಟಿಫಿಕೇಟ್ ಕೊಡುತ್ತೀರಾ? ದುಡ್ಡು ಕೊಡಿ.

ಹಳೆಯ ಉಬ್ಬುಚಿತ್ರವೊಂದನ್ನು ಒಡೆದು ಹೊಸದು ಹಾಕಬೇಕು. ದುಡ್ಡು ಕೊಟ್ಟು ಮಾಡಿಸಿದ್ದು ನಾವೇ ಅಲ್ವಾ?

ದುಡ್ಡು ಕೊಟ್ಟರೂ ಕಲಾವಿದರ ಹಕ್ಕು ಪೂರ್ತಿ ಹೋಗುವುದಿಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರ್‌ನಾಥ್ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. 1979ರಲ್ಲಿ ಅವರನ್ನು ಕೇಳದೆಯೇ ಅದನ್ನು ಕಿತ್ತರು, ತುಂಡುಗಳನ್ನು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೇ ಕೊಡಿಸಿ, 5 ಲಕ್ಷ ಪರಿಹಾರವನ್ನೂ ಕೊಡಿಸಿತು. ನಿಮ್ಮ ಕಲಾವಿದರಿಗೆ ಇವತ್ತೇ ಫೋನ್ ಮಾಡಿ.

ನೆಲಮಂಗಲ ಕಡೆಯಿಂದ: ಪಾರ್ಕಿನ ಮೂಲೆಯಲ್ಲಿ ಕತ್ತಿ ಹಿಡಿದ ವೀರನ ಹಳೇ ಕಲ್ಲೊಂದಿದೆ, ಅರ್ಧ ಮಣ್ಣಲ್ಲಿ ಹೂತಿದೆ. ಚೆನ್ನಾಗಿ ಬಣ್ಣ ಹೊಡೆಸಿ ನಡುವೆ ನಿಲ್ಲಿಸಿದರೆ ಹೇಗೆ?

ದಯವಿಟ್ಟು ಬೇಡ. ಅದು ವೀರಗಲ್ಲು. ಸಾರ್ವಜನಿಕ ಕಲೆ ಅಂತ ನೀವು ಹುಡುಕುತ್ತಿರುವುದು ನಿಮ್ಮ ಪಾರ್ಕಿನಲ್ಲಿ ಆಗಲೇ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಅಲ್ಲಿಯ ಜನ ಆಸ್ಥೆಯಿಂದ ಅದಕ್ಕೊಂದು ಮಂಟಪ ಕಟ್ಟಿಸಿದರು. ನಿಮ್ಮ ಕಲ್ಲಿನಲ್ಲೂ ಅಕ್ಷರ ಇರಬಹುದು, ಹೂತ ಭಾಗದಲ್ಲೇ ಇರಬಹುದು. ಬಣ್ಣ ಹೊಡೆದರೆ ಅಕ್ಷರದ ಗೆರೆ ಮುಚ್ಚಿಹೋಗುತ್ತದೆ, ಆಮೇಲೆ ಪೇಂಟ್ ತೆಗೆಯಲು ಉಜ್ಜಿದರೆ ಅಕ್ಷರವೂ ಅದರ ಜೊತೆ ಹೋಗುತ್ತದೆ. ಜೆಸಿಬಿ ತರಿಸಿ ಎತ್ತುವ ಕೆಲಸ ಬೇಡವೇ ಬೇಡ. ಬೆಳಗ್ಗೆ ಓರೆ ಬಿಸಿಲು ಬೀಳುವಾಗ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಕಳಿಸಿ. ಸುತ್ತ ನೀರು ನಿಲ್ಲದ ಹಾಗೆ ಮಾಲಿಗೆ ಹೇಳಿ ಒಂದು ಕಾಲುವೆ ತೋಡಿಸಿ, ಕಲ್ಲಿನಿಂದ ಮೂರು ಅಡಿ ದೂರದಲ್ಲಿ. ಅವರು ಬಂದು ನೋಡುವವರೆಗೆ ಅಷ್ಟು ಸಾಕು.