ಹಾಯಿ, ಹಗ್ಗದ ಲೆಕ್ಕ ಪದ್ಯಕ್ಕೆ ಯಾಕೆ?

ಶಿವಮೊಗ್ಗದ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ವಿಲಿಯಂ ಫಾಲ್ಕನರ್‌ನ “ದಿ ಶಿಪ್‌ರೆಕ್” ಕಾವ್ಯದ ಬಗ್ಗೆ ಓದಿದೆ. ಎಲ್ಲಿ ನೋಡಿದರೂ ಹಾಯಿ, ಹಗ್ಗ, ಹಾಯಿಕಂಬ. ಅರ್ಥ ಹೇಳೋಕೆ ಅಡಿಟಿಪ್ಪಣಿ ಬೇರೆ! ಇದು ಪದ್ಯವೋ, ಹಡಗಿನ ಕೈಪಿಡಿಯೋ? ಆ ಕವಿ ಕೊನೆಗೆ ಏನಾದ ಅಂತಲೂ ನೀವು ಹೇಳಲಿಲ್ಲ.’

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಗೊತ್ತಾಗುತ್ತದೆ. ಮೊದಲ ಸಲ ನಾನೂ ಅರ್ಧಕ್ಕೇ ಪುಸ್ತಕ ಮಡಚಿಟ್ಟಿದ್ದೆ.

ಕತೆ ಸಣ್ಣದು. ಕ್ರೀಟ್ ದ್ವೀಪದಿಂದ ವೆನಿಸ್‌ಗೆ ಹೊರಟ ‘ಬ್ರಿಟಾನಿಯಾ’ ಹಡಗು ಬಿರುಗಾಳಿಗೆ ಸಿಕ್ಕಿ, ಗ್ರೀಸಿನ ಕೊಲೊನ್ನಾ ಭೂಶಿರದ ಹತ್ತಿರ ಒಡೆಯುತ್ತದೆ. ಇದು ಕಟ್ಟುಕತೆಯಲ್ಲ. ಆ ಹೆಸರಿನ ಹಡಗಿನಲ್ಲಿ ಫಾಲ್ಕನರ್ ಕೆಲಸಕ್ಕಿದ್ದ. ಅದು ಅದೇ ಜಾಗದಲ್ಲಿ ಒಡೆದಾಗ ಬದುಕಿ ಬಂದವರು ಮೂವರೇ. ಕಾವ್ಯ ಅಚ್ಚಾದದ್ದು 1762ರಲ್ಲಿ.

ಕಷ್ಟ ಕಳೆದರೆ ನಾವು ‘ಅಂತೂ ದಡ ಸೇರಿದೆ’ ಅಂತೀವಿ. ಇಲ್ಲಿ ಕೊಲ್ಲುವುದೇ ದಡ. ಗಾಳಿ ಹಡಗನ್ನು ಬಂಡೆಗಳ ಕಡೆಗೇ ತಳ್ಳುತ್ತಿದೆ. ಹಾಯಿ ಜಾಸ್ತಿ ಬಿಚ್ಚಿದರೆ ಹರಿಯುತ್ತದೆ. ಪೂರ್ತಿ ಸುತ್ತಿಟ್ಟರೆ ದಡದಿಂದ ದೂರ ಸರಿಯುವ ಬಲವೇ ಇಲ್ಲ. ಹಾಯಿ ಕಟ್ಟುವ ಅಡ್ಡಮರದ ತುದಿಗೆ ಹೋದ ನಾಲ್ವರು ಸಮುದ್ರಪಾಲಾಗುತ್ತಾರೆ. ಹಡಗು ತಿರುಗುವುದಿಲ್ಲ. ಕೊನೆಗೆ ಹಿಂದಿನ ಹಾಯಿಕಂಬವನ್ನೇ ಕಡಿದು ಉರುಳಿಸುತ್ತಾರೆ. ಹಿಂಭಾಗಕ್ಕೆ ಗಾಳಿಯ ಒತ್ತಡ ಕಡಿಮೆಯಾದರೆ ತಾನೇ ಮೂತಿ ತಿರುಗೋದು? ಈ ಲೆಕ್ಕ ಗೊತ್ತಿಲ್ಲದಿದ್ದರೆ ಕೊಡಲಿಯ ಏಟು ಸುಮ್ನೆ ಸದ್ದು. ಗೊತ್ತಿದ್ದರೆ, ಅವರು ಕಡಿಯುತ್ತಿರುವುದು ತಮ್ಮ ಹಡಗಿನದೇ ಒಂದು ಕಾಲನ್ನು ಅಂತ ಕಾಣುತ್ತದೆ.

ಟಿಪ್ಪಣಿಯ ಮಾತಿಗೆ ಬಂದರೆ, ಮಲ್ಪೆಯ ಕವಿಯೊಬ್ಬರು ‘ತಾಂಡೇಲ’ ಅಂತ ಬರೆದರೆ ಶಿವಮೊಗ್ಗದಲ್ಲಿ ಕೂತ ನಿಮಗೂ, ಬೆಂಗಳೂರಿನ ನನಗೂ ಟಿಪ್ಪಣಿ ಬೇಕಾಗುತ್ತದೆ, ಅಲ್ವಾ? (ದೋಣಿ ನಡೆಸುವ ಮುಖ್ಯಸ್ಥ. ನಾನೂ ಕೇಳಿಯೇ ತಿಳಿದುಕೊಂಡದ್ದು.)

ಬೇಸರದ ಭಾಗ ಇಲ್ಲವೇ ಇಲ್ಲ ಅನ್ನುವುದಿಲ್ಲ. ಮೂರನೇ ಭಾಗದಲ್ಲಿ, ಹಡಗು ಬಂಡೆಗೆ ಬಡಿಯುವ ಮುಂಚೆ, ಕವಿ ಅಥೆನ್ಸ್, ಸ್ಪಾರ್ಟಾ ಅಂತ ಹಳೆಯ ಗ್ರೀಸಿನ ವೈಭವ ಹಾಡುತ್ತಾ ನಿಂತುಬಿಡುತ್ತಾನೆ. ಜೀವ ಬಾಯಿಗೆ ಬಂದಿರುವಾಗ ಸ್ಥಳಪುರಾಣ! ಆ ಪುಟಗಳನ್ನು ನಾನು ಹಾರಿಸಿಬಿಡುತ್ತೇನೆ. ನೀವೂ ಹಾರಿಸಿ.

ಕವಿ ಏನಾದ ಅಂದಿರಿ. 1769ರಲ್ಲಿ ಅವನು ಬರೆದ ಕಡಲ ಪದಗಳ ನಿಘಂಟು ಹೊರಬಂತು. ಅದೇ ವರ್ಷ ‘ಅರೋರಾ’ ಹಡಗಿನಲ್ಲಿ ಲೆಕ್ಕ, ಉಗ್ರಾಣ ನೋಡುವ ಪರ್ಸರ್ ಆಗಿ ಹೊರಟ. ಬರುತ್ತಿದ್ದದ್ದು ನಮ್ಮ ಕಡೆಗೇ, ಭಾರತಕ್ಕೆ. ಡಿಸೆಂಬರ್‌ನಲ್ಲಿ ಗುಡ್‌ಹೋಪ್ ಭೂಶಿರ ಬಿಟ್ಟ ಆ ಹಡಗನ್ನು ಆಮೇಲೆ ಯಾರೂ ಕಾಣಲಿಲ್ಲ.