ಸಂಪಾದಕರ ಉತ್ತರ: ಹವ್ಯಾಸಿ ನಾಟಕಕ್ಕೂ ನಿಷ್ಠುರ ವಿಮರ್ಶೆ ಬೇಕೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: “ನಮ್ಮೂರಿನ ಹವ್ಯಾಸಿ ತಂಡದ ನಾಟಕದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ವಿಮರ್ಶೆ ಓದಿ ಬೇಸರವಾಯಿತು. ಆಫೀಸು, ಅಂಗಡಿ ಮುಗಿಸಿ ಬಂದು, ಕೈಯಿಂದ ದುಡ್ಡು ಹಾಕಿ ತಾಲೀಮು ಮಾಡಿದವರು ಅವರು. ಸಣ್ಣ ಊರಿನ ತಂಡವನ್ನು ಬೆಂಗಳೂರಿನ ಅಳತೆಯಲ್ಲಿ ಅಳೆಯುವುದು ಸರಿಯೇ? ಬೆನ್ನು ತಟ್ಟಬೇಕಾದ ಪತ್ರಿಕೆಯೇ ಹೀಗೆ ಬರೆದರೆ ಮುಂದೆ ಯಾರು ಬಣ್ಣ ಹಚ್ಚುತ್ತಾರೆ?”

ಮಾನ್ಯರೇ,

ರಂಗಮಂದಿರದ ಬಾಡಿಗೆ, ಲೈಟು, ಪ್ರಸಾಧನ ಎಲ್ಲವನ್ನೂ ಸಂಬಳದಲ್ಲಿ ಉಳಿಸಿ ತೂಗಿಸುವವರ ಕಷ್ಟ ನಮಗೆ ಗೊತ್ತು. ಬೆನ್ನು ತಟ್ಟಲೇಬೇಕು. ಆದರೆ ಅದನ್ನು ನಾವೆಲ್ಲ ಟಿಕೆಟ್ ಕೊಂಡು ಮಾಡಬೇಕು. ವಿಮರ್ಶಕರ ಕೆಲಸ ಬೇರೆ.

ಹಿಂದೆ ವೃತ್ತಿ ನಾಟಕ ಕಂಪನಿಗಳು ಒಂದೂರಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಆಡುತ್ತಿದ್ದವು. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಹಿಡಿಸದಿದ್ದರೆ ಗಲ್ಲಾಪೆಟ್ಟಿಗೆಯೇ ಹೇಳುತ್ತಿತ್ತು. ಪ್ರೇಕ್ಷಕರೇ ನಾಟಕವನ್ನು ತಿದ್ದುತ್ತಿದ್ದರು. ನೀನಾಸಂ ಎಂಬ ರಂಗಸಂಸ್ಥೆ 1985ರಲ್ಲಿ ಶುರುಮಾಡಿದ ಸಂಚಾರಿ ತಂಡ ‘ತಿರುಗಾಟ’ದ ನಾಟಕಗಳೂ ಊರಿಂದೂರಿಗೆ ಹೋಗುತ್ತಾ ಪಳಗುತ್ತವೆ. ಹವ್ಯಾಸಿ ತಂಡಕ್ಕೆ ಆ ಭಾಗ್ಯವಿಲ್ಲ. ಸಿಗುವುದು ಎರಡೋ ಮೂರೋ ಪ್ರಯೋಗ, ಎದುರಿಗೆ ಕೂತವರಲ್ಲಿ ಬಹಳಷ್ಟು ಜನ ನೆಂಟರು, ಸ್ನೇಹಿತರು. ಆಟ ಮುಗಿದ ಮೇಲೆ ಗ್ರೀನ್ ರೂಮಿಗೆ ಬಂದವರೆಲ್ಲ “ಚೆನ್ನಾಗಿತ್ತು” ಎಂದು ಕೈಕುಲುಕಿ ಹೋಗುತ್ತಾರೆ. ಹಾಗಿರುವಾಗ ಹೊರಗಿನವರೊಬ್ಬರು ಗಮನವಿಟ್ಟು ನೋಡಿ ಬರೆಯುವುದು ಅವರಿಗೇ ಹೆಚ್ಚು ಅಗತ್ಯ.

ನಮ್ಮ ವಿಮರ್ಶಕರು ಬರೆದದ್ದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮೂರನೆಯ ದೃಶ್ಯದಲ್ಲಿ ತಾಯಿಯ ಪಾತ್ರಧಾರಿ ಅಕ್ಕಿ ಡಬ್ಬಿಯೊಳಗೆ ಕೈಯಾಡಿಸಿ, ಏನೂ ಹೇಳದೆ ಮುಚ್ಚಳ ಹಾಕುತ್ತಾರೆ. ಮನೆಯ ಬಡತನ ಅಷ್ಟರಲ್ಲೇ ತಿಳಿಯಿತು ಎಂದು ಅವರು ಮೆಚ್ಚಿದ್ದಾರೆ. ಅದರ ಬೆನ್ನಿಗೇ, ಜೋರಾಗಿ ಹಾಕಿದ ರೆಕಾರ್ಡೆಡ್ ಸಂಗೀತ ಮಗನ ಮಾತನ್ನು ನುಂಗಿತು, ಐದನೆಯ ಸಾಲಿನಿಂದಾಚೆಗೆ ಏನೂ ಕೇಳಲಿಲ್ಲ ಎಂದಿದ್ದಾರೆ. ಇದು ಮುಂದಿನ ಪ್ರಯೋಗಕ್ಕೆ ಮೊದಲೇ ಸರಿಪಡಿಸಬಹುದಾದ ಸಂಗತಿ. “ಬೆಳಕು ಪೂರಕವಾಗಿತ್ತು, ಎಲ್ಲರೂ ಪಾತ್ರಕ್ಕೆ ಜೀವ ತುಂಬಿದರು” ಎಂದು ಬರೆದಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ, ನಿಜ. ಆದರೆ ಡಬ್ಬಿ ಮುಚ್ಚಿದ ಆ ಕಲಾವಿದೆಗೆ, ತಾನು ಮಾಡಿದ್ದು ಯಾರದೋ ಕಣ್ಣಿಗೆ ಬಿತ್ತು ಎಂಬುದೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇದೆ. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ನಿರ್ದೇಶಕ ಬಿ.ವಿ. ಕಾರಂತರು ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ಆಡಿಸಿದರು. ಆಗ ಹುಟ್ಟಿರದವರಿಗೆ ಇವತ್ತು ಆ ಪ್ರಯೋಗಗಳು ಸಿಗುವುದು ಕೆಲವು ಫೋಟೊಗಳಲ್ಲಿ, ನೋಡಿದವರ ನೆನಪಿನಲ್ಲಿ, ಬರೆದವರ ಬರಹದಲ್ಲಿ ಮಾತ್ರ. ಕೃತಿ ಪುಸ್ತಕದಲ್ಲಿ ಉಳಿಯುತ್ತದೆ, ಪ್ರಯೋಗ ಉಳಿಯುವುದಿಲ್ಲ. ನಿಮ್ಮೂರಿನ ತಂಡದ ಕೆಲಸವೂ ದಾಖಲಾಗಬೇಕು ಎಂಬುದು ನಮ್ಮ ಆಸೆ, ಮತ್ತು ಬರೀ ಹೊಗಳಿಕೆ ಏನನ್ನೂ ದಾಖಲಿಸುವುದಿಲ್ಲ.

ಸಣ್ಣ ಊರಿಗೆ ಬೇರೆ ಅಳತೆ ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪಲಾರೆ. ನಿಮ್ಮ ಜಿಲ್ಲೆಯ ಹೆಗ್ಗೋಡು ಎಂಬ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು, ಕೆ.ವಿ. ಸುಬ್ಬಣ್ಣನವರು ಹಳ್ಳಿಯ ಜನರ ಮುಂದೆ ಜಗತ್ತಿನ ದೊಡ್ಡ ನಾಟಕಗಳನ್ನಿಟ್ಟರು. ಹಳ್ಳಿಯವರಿಗೆ ಇಷ್ಟು ಸಾಕು ಎಂದು ಅವರು ಎಣಿಸಿದ್ದರೆ ಕನ್ನಡ ರಂಗಭೂಮಿ ಬಡವಾಗುತ್ತಿತ್ತು.

ತಂಡದ ನಿರ್ದೇಶಕರು ಉತ್ತರ ಬರೆದರೆ ವಿಮರ್ಶೆಗೆ ಕೊಟ್ಟಷ್ಟೇ ಜಾಗ ಕೊಡುತ್ತೇವೆ. ಮುಂದಿನ ಪ್ರಯೋಗದ ದಿನ ತಿಳಿಸಲಿ, ನಮ್ಮ ವಿಮರ್ಶಕರು ಟಿಕೆಟ್ ಕೊಂಡೇ ಬರುತ್ತಾರೆ.

ಸಂಪಾದಕ