ಪ್ರತಿಕ್ರಿಯೆ: ಜ್ಯಾಕ್ಸನ್ ಹಾಲಿಡೇ ಅವರ ಮೈನರ್ ಲೀಗ್ ಅಂಕಿಗಳ ಬಗ್ಗೆ

ನಮಸ್ಕಾರ. ಅಮೆರಿಕದ ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್‌ನ ಜ್ಯಾಕ್ಸನ್ ಹಾಲಿಡೇ ಮೈನರ್ ಲೀಗ್‌ಗಳಲ್ಲಿ (ಆಟಗಾರರು ಪಳಗುವ ಕೆಳಹಂತದ ಲೀಗ್‌ಗಳು) ಅಷ್ಟು ಚೆನ್ನಾಗಿ ಆಡಿಯೂ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಆರಂಭದಲ್ಲೇ ಎಡವಿದ್ದೇಕೆ, ಹಾಗಾದರೆ ಕೆಳಹಂತದ ಅಂಕಿಗಳನ್ನು ನಂಬಬಹುದೇ ಎಂದು ಕೇಳಿದ್ದೀರಿ. ಖಂಡಿತ ನಂಬಬಹುದು, ಆದರೆ ಅವನ್ನು ಹಂತಹಂತವಾಗಿ ಬಿಡಿಸಿ ನೋಡಬೇಕು.

2022ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೊದಲಿಗರಾಗಿ ಆಯ್ಕೆಯಾದ ಹಾಲಿಡೇ, 2023ರ ಒಂದೇ ಋತುವಿನಲ್ಲಿ ಓರಿಯೋಲ್ಸ್‌ನ ಕೆಳಹಂತದ ತಂಡಗಳಾದ ಡೆಲ್ಮಾರ್ವಾ, ಅಬರ್ಡೀನ್, ಬೋವಿ, ನಾರ್ಫೋಕ್ ಎಂಬ ನಾಲ್ಕೂ ಮೆಟ್ಟಿಲು ಹತ್ತಿ, ಒಟ್ಟಾರೆ .323 ಬ್ಯಾಟಿಂಗ್ ಸರಾಸರಿಯನ್ನೂ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳಲ್ಲಿ ಹಿಟ್ ಸಿಕ್ಕ ಪಾಲು) .442 ಆನ್-ಬೇಸ್ ಪ್ರಮಾಣವನ್ನೂ (ಹಿಟ್, ವಾಕ್ ಮುಂತಾದವುಗಳಿಂದ ಬೇಸ್ ತಲುಪಿದ ಪಾಲು) ಗಳಿಸಿದರು. ಎಲ್ಲರ ಕಣ್ಣು ಕುಕ್ಕಿದ್ದು ಈ ಒಟ್ಟು ಲೆಕ್ಕ. ಅದರೊಳಗೆ ಮೈನರ್ ಲೀಗ್‌ಗಳ ಅತಿ ಮೇಲಿನ ಹಂತವಾದ ಟ್ರಿಪಲ್-ಎಯ ನಾರ್ಫೋಕ್‌ನ ಪಾಲು ಬರೀ 18 ಪಂದ್ಯ, ಅಲ್ಲಿನ ಸರಾಸರಿ .267. ಅಲ್ಲದೆ ಆ ವರ್ಷ ಟ್ರಿಪಲ್-ಎ ಮೈದಾನಗಳಲ್ಲಿ ಸ್ಟ್ರೈಕ್ ವಲಯದ ತೀರ್ಪಿಗೆ (ಚೆಂಡು ಸರಿಯಾದ ಜಾಗದಲ್ಲಿ ಬಂತೇ ಎಂಬುದಕ್ಕೆ) ಯಂತ್ರದ ನೆರವನ್ನು ಪ್ರಯೋಗಿಸಲಾಗುತ್ತಿತ್ತು. ಮೇಜರ್ ಲೀಗ್‌ನಲ್ಲಿ ಆ ವ್ಯವಸ್ಥೆ ಇರಲಿಲ್ಲ. ಹೀಗಾಗಿ ಟ್ರಿಪಲ್-ಎಯ ವಾಕ್‌ಗಳ (ವಲಯದ ಹೊರಗೆ ನಾಲ್ಕು ಚೆಂಡು ಬಂದಾಗ ಸಿಗುವ ಉಚಿತ ಬೇಸ್) ಸಂಖ್ಯೆಯನ್ನು ಹಾಗೆಯೇ ಮೇಲಿನ ಹಂತಕ್ಕೆ ಅನ್ವಯಿಸುವುದು ಸರಿಯಲ್ಲ.

2024ರ ಏಪ್ರಿಲ್‌ನಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅವರು ಮೇಜರ್ ಲೀಗ್‌ನ 34 ಅಟ್-ಬ್ಯಾಟ್‌ಗಳಲ್ಲಿ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳು) ಎರಡೇ ಹಿಟ್ ಗಳಿಸಿ, 18 ಸಲ ಸ್ಟ್ರೈಕ್‌ಔಟ್ ಆಗಿ (ಮೂರು ಸ್ಟ್ರೈಕ್‌ಗೆ ಔಟಾಗಿ) ನಾರ್ಫೋಕ್‌ಗೆ ಮರಳಿದರು. ಇಷ್ಟು ಚಿಕ್ಕ ಅವಧಿಯಿಂದ ಪ್ರತಿಭೆಯನ್ನು ಅಳೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಜುಲೈ 31ರಂದು ಮತ್ತೆ ಕರೆ ಬಂದಾಗ ಟೊರೊಂಟೊ ವಿರುದ್ಧ ಅವರು ಬಾರಿಸಿದ ಮೊದಲ ಮೇಜರ್ ಲೀಗ್ ಹೋಮ್ ರನ್ನೇ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್‌ಗಳಲ್ಲಿ ಆಟಗಾರರಿದ್ದಾಗ ಬಾರಿಸುವ, ನಾಲ್ಕು ರನ್ ತರುವ ಹೊಡೆತ) ಆಗಿತ್ತು!

ಇದೇ ತಂಡದ ಗನ್ನರ್ ಹೆಂಡರ್ಸನ್ 2022ರಲ್ಲಿ ನಾರ್ಫೋಕ್‌ನಲ್ಲಿ 65 ಪಂದ್ಯ ಆಡಿ ಮೇಲೇರಿದವರು. ಮರುವರ್ಷ ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಆದ್ದರಿಂದ ಉಳಿದ ಎಳೆಯ ಆಟಗಾರರ ವಿಷಯದಲ್ಲೂ ಸರಾಸರಿಗಿಂತ ಮೊದಲು ಟ್ರಿಪಲ್-ಎ ಪಂದ್ಯಗಳ ಸಂಖ್ಯೆ, ಸ್ಟ್ರೈಕ್‌ಔಟ್ ಪ್ರಮಾಣ ಮತ್ತು ವಯಸ್ಸನ್ನು ಗಮನಿಸಿ.